ಗೆರೆಯಿಲ್ಲದ ಹೆಬ್ಬೆಟ್ಟು

ಎರಡನೇ ಸಲ ಒತ್ತಿದರೂ ಹೆಬ್ಬೆಟ್ಟಿನ ಗುರುತಿನಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಅಧಿಕಾರಿ ಹಿಡಿದ ಹಾಜರಿ ಹಾಳೆಯ ಮೇಲೆ ಬರೀ ನುಣ್ಣನೆಯ ನೀಲಿ ಮಚ್ಚೆ. ಹೊಸ ರಾಸಾಯನಿಕಗಳ ನಿಯಮ ತಿದ್ದುವ ಮುಂಚೆ ಎಲ್ಲರ ಅಭಿಪ್ರಾಯ ಕೇಳುವ ಸಭೆಯದು. ಸುರಕ್ಷತಾ ಪರೀಕ್ಷೆಯ ಅವಧಿ ಅರ್ಧಕ್ಕಿಳಿಸಿ ಎಂದು ಬಾಯಿ ತುಂಬ ಹೇಳಿ ಕಾರ್ಖಾನೆ ಮಾಲೀಕರು ಹೊರಟೂ ಆಗಿತ್ತು. ಕೆಲಸಗಾರರ ಪರವಾಗಿ ಬಂದವಳು ಪೀಪಾಯಿ ತೊಳೆಯುವ ಈ ಹೆಂಗಸು ಒಬ್ಬಳೇ.

"ಬೇಜಾರು ಮಾಡ್ಕೋಬೇಡಿ ಸಾರ್, ನನ್ನ ಬೆರಳೇ ಹಾಗೆ," ಎಂದು ಅವಳು ತಾನೇ ತಪ್ಪು ಮಾಡಿದವಳ ಹಾಗೆ ಕೈ ಒರೆಸಿಕೊಂಡಳು. "ಆರು ವರ್ಷದ ಹಿಂದೆ ಆ ಹೊಸ ದ್ರಾವಣ ಬಂದಾಗಿಂದ ಸವೆದುಹೋಯ್ತು. ಮೊದಮೊದಲು ಭಯ ಆಗ್ತಿತ್ತು. ಆಮೇಲೆ ಮೇಸ್ತ್ರಿ ಕಾಗದ ತೋರಿಸಿದ್ರು, ಏನೂ ಆಗಲ್ಲ ಅಂತ ದೊಡ್ಡ ಅಧಿಕಾರಿಗಳೇ ಸಹಿ ಹಾಕಿದಾರೆ ಅಂತ. ಅವತ್ತಿಂದ ಗ್ಲೌಸ್ ಹಾಕ್ಕೊಳ್ಳೋದೂ ಬಿಟ್ಟೆ."

ಆ ಕಾಗದ ಅಧಿಕಾರಿಗೆ ಚೆನ್ನಾಗಿ ನೆನಪಿತ್ತು. ಊಟಕ್ಕೆ ಹೊತ್ತಾಯಿತೆಂದು, ಪರೀಕ್ಷಾ ವರದಿಯ ಕೊನೆಯ ಪುಟ ತಿರುವಿಯೂ ನೋಡದೆ ಅವರೇ ಗೀಚಿದ್ದ ಸಹಿ ಅದು.

"ಇದು ನಂದೇ ಗುರುತು ಅಂತ ಪಕ್ಕದಲ್ಲಿ ನೀವೊಂದು ಸಹಿ ಹಾಕ್ಬಿಡಿ ಸಾರ್," ಎಂದು ಅವಳು ಪೆನ್ನನ್ನು ಅವರ ಕಡೆ ಸರಿಸಿದಳು. "ನಿಮ್ಮ ಸಹಿ ಇದ್ರೆ ಯಾರಾದ್ರೂ ನಂಬ್ತಾರೆ."