ಬಾಯಾರಿದ ಕಂಬ

ತಾತ ಕಂಬದ ಬುಡಕ್ಕೆ ಸೋರೆಬುರುಡೆ ಬಗ್ಗಿಸುವಷ್ಟರಲ್ಲಿ ಕಾಡ್ಜೊ ಅವನ ಮಣಿಕಟ್ಟು ಹಿಡಿದುಬಿಟ್ಟಳು. ತುಳುಕಿದ ಕಳ್ಳು ಅವಳ ಬಿಳಿ ಕೈಗವಸಿನ ಮೇಲೆ ಬಿತ್ತು.

"ಬೇಡ ತಾತ. ಮರ ಒದ್ದೆಯಾದ್ರೆ ಹಾಳಾಗುತ್ತೆ."

"ಆಗ್ಲಿ ಬಿಡೆ. ನೆಟ್ಟಲ್ಲೇ ಗೆದ್ದಲು ತಿಂದು ಮಣ್ಣಾಗೋಕೆ ತಾನೇ ನಾವು ಕಂಬ ನೆಡೋದು? ಸತ್ತೋನಿಗೆ ಒಂದು ಗುಟುಕು ಕೊಡೋಕೂ ನಿಮ್ಮ ಕಾಲೇಜು ಮೇಷ್ಟ್ರ ಅಪ್ಪಣೆ ಬೇಕಾ?"

"ಮೇಷ್ಟ್ರಲ್ಲ ತಾತ. ಆ ನಿಯಮ ಬರೆದೋಳು ನಾನೇ."

ತಾತನ ಅಣ್ಣ ಮ್ವಾರೊ ಸತ್ತಾಗ ಕರಾವಳಿಯ ಮಲಿಂದಿ ಪಟ್ಟಣದ ಹತ್ತಿರದ ಅವರ ಮನೆಯಂಗಳದಲ್ಲಿ, ಅವನ ಆತ್ಮ ನೆಲೆಸಲೆಂದು ನೆಟ್ಟಿದ್ದ ಕಂಬ ಅದು. ಕಳ್ಳರು ಕಿತ್ತು ಮಾರಿದ ಮೇಲೆ ಅದು ಅಮೆರಿಕದ ಯಾವುದೋ ಮ್ಯೂಸಿಯಂ ಸೇರಿತ್ತು. ಅದನ್ನು ವಾಪಸ್ ತರಿಸಲೆಂದೇ ಕಾಡ್ಜೊ ಇತಿಹಾಸದಲ್ಲಿ ಎಂ.ಎ.ಗೆ ಸೇರಿ, ಪರಂಪರೆಯ ರಕ್ಷಣೆಯ ಬಗ್ಗೆ ಪ್ರಬಂಧ ಬರೆದಿದ್ದಳು. ಕೊನೆಗೂ ಅದು ಬಂದಾಗ, ಅಂಗಳದಲ್ಲಿ ನೆಟ್ಟರೆ ಮತ್ತೆ ಕಳುವಾದೀತೆಂದು ಇಲ್ಲಿನ ಮ್ಯೂಸಿಯಂನ ಈ ಉಗ್ರಾಣದಲ್ಲಿ ನಿಲ್ಲಿಸಿದವಳೂ ಅವಳೇ.

ತಾತ ಸೋರೆಬುರುಡೆಯನ್ನು ನೆಟ್ಟಗೆ ಹಿಡಿದು, ಬಾಯಿಗೆ ನಾರಿನ ಬಿರಡೆ ತುರುಕಿದ. ಕಂಬದ ತುದಿಯಲ್ಲಿ ಕೆತ್ತಿದ ಸಣ್ಣ ದುಂಡುಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಬುರುಡೆಯನ್ನು ಮೊಮ್ಮಗಳ ಕೈಗಿತ್ತ.

"ಅಷ್ಟು ವರ್ಷ ಅಣ್ಣ ಕನಸಿಗೆ ಬಂದು ಬಾಯಾರಿಕೆ ಅಂತಿದ್ದ. ದೂರ ಇದ್ದೀಯಲ್ಲ ಅಣ್ಣಾ, ಊರಿಗೆ ಬಾ, ಕೊಡ್ತೀನಿ ಅಂತಿದ್ದೆ. ಇವತ್ತು ರಾತ್ರಿ ಕನಸಿಗೆ ಬಂದ್ರೆ ನಿನ್ನ ಹತ್ರಾನೇ ಕಳಿಸ್ತೀನಿ, ಕಾಡ್ಜೊ. ನೀನೇ ಏನಾದ್ರೂ ಹೇಳು."