ಬೆರಳು ಎತ್ತುವಂತಿಲ್ಲ

ಕಂಪ್ಯೂಟರ್ ಜಾಲದಲ್ಲಿ ಬರೆದದ್ದು ಉಳಿಯುವುದು ದಿನಕ್ಕೊಮ್ಮೆ, ಸಂಜೆ ಐದಕ್ಕೆ. ಅಲ್ಲಿಯವರೆಗೆ ಕೀಲಿಮಣೆಯ ಹಸಿರು ಗುಂಡಿಯ ಮೇಲಿಂದ ಬೆರಳು ಎತ್ತಿದರೆ ಎಲ್ಲವೂ ಅಳಿಸಿಹೋಗುತ್ತದೆ. ಹಾಗಾಗಿ ವಿಶಾಲಾಕ್ಷಿ ಪಾಠ ಮಾಡುವ ಶಾಲೆಯಲ್ಲೂ, ಊಟಕ್ಕೆ ಎದ್ದವರ ಗುಂಡಿಯನ್ನು ಪಕ್ಕದವರು ಒತ್ತಿಕೊಂಡಿರುವುದು ವಾಡಿಕೆ.

ಇವತ್ತು ಅವಳ ಪಕ್ಕಕ್ಕೆ ಯಾರೂ ಬರಲಿಲ್ಲ. ನೀರಿನ ತೊಟ್ಟಿಯ ಗೋಡೆ ಕುಸಿದು ಏಳನೇ ತರಗತಿಯ ಹುಡುಗಿಯ ಕಾಲು ಮುರಿದದ್ದರ ಬಗ್ಗೆ ಅವಳು ಹೇಳಿಕೆ ಬರೆಯುತ್ತಿದ್ದಳು. ಗೋಡೆ ಬಿರುಕು ಬಿಟ್ಟಿದೆಯೆಂದು ಹೆಡ್‌ಮಾಸ್ಟರಿಗೆ ಮೂರು ಸಲ ತಿಳಿಸಿದ್ದೆ ಎಂಬುದೂ ಅದರಲ್ಲಿತ್ತು. ತನಿಖೆಗೆ ಹೇಳಿಕೆ ಕೊಡಲು ಇವತ್ತೇ ಕೊನೆಯ ದಿನ.

“ಗುಲ್ನಾರ್, ಐದು ನಿಮಿಷ ಒತ್ಕೋತೀಯೇನೇ? ಬಾತ್‌ರೂಮಿಗೆ ಹೋಗ್ಬೇಕು.”

“ಕೈ ನೋವು ಕಣೇ,” ಎಂದ ಗುಲ್ನಾರ್ ಟೀಚರ್, ನೋಟ್‌ಬುಕ್ಕುಗಳ ದೊಡ್ಡ ಕಟ್ಟನ್ನು ಎತ್ತಿಕೊಂಡು ಹೊರಟುಹೋದಳು.

ಮೂರೂವರೆಗೆ ಹೆಡ್‌ಮಾಸ್ಟರ್ ಪರಮೇಶ್ವರಪ್ಪನವರೇ ಬಂದು ಕುರ್ಚಿ ಎಳೆದುಕೊಂಡರು. “ಬೆಳಿಗ್ಗೆಯಿಂದ ಕೂತಿದೀರಿ ಮೇಡಂ. ಹೋಗ್ಬನ್ನಿ, ನಾನು ಒತ್ಕೊಂಡಿರ್ತೀನಿ.”

“ಬೇಡ ಸರ್.”

“ಯಾಕ್ರೀ, ನನ್ ಬೆರಳಲ್ಲಿ ಮುಳ್ಳಿದ್ಯಾ?” ಅವರು ನಕ್ಕರು. “ಇರ್ಲಿ ಬಿಡಿ. ಐದರವರೆಗೆ ನನಗೂ ಬೇರೆ ಕೆಲಸ ಇಲ್ಲ.”

ಬಾಗಿಲಿಗೂ ಅವಳಿಗೂ ನಡುವೆ ಅವರ ಕುರ್ಚಿಯಿತ್ತು. ಅವಳ ಕಿಬ್ಬೊಟ್ಟೆ ಬಿಗಿಯುತ್ತಿತ್ತು. ಬೆರಳು ಜೋಮು ಹಿಡಿದು, ಗುಂಡಿ ಒತ್ತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿಕೊಳ್ಳಬೇಕಾಗಿತ್ತು. ಕೊನೆಗೆ ಎಡಗೈಯಿಂದ ಒಂದೊಂದೇ ಅಕ್ಷರ ಹುಡುಕಿ, ಹೇಳಿಕೆಯ ಕೆಳಗೆ ಒಂದು ಸಾಲು ಸೇರಿಸಿದಳು: “ಇದನ್ನು ಬರೆಯುವಾಗ ಹೆಡ್‌ಮಾಸ್ಟರು ಪಕ್ಕದಲ್ಲೇ ಕುಳಿತು, ಗುಂಡಿಯನ್ನು ತಮಗೆ ಕೊಡಿ ಎನ್ನುತ್ತಿದ್ದಾರೆ.”

ಪರಮೇಶ್ವರಪ್ಪನವರು ಪರದೆಯತ್ತ ಬಾಗಿ ನಿಧಾನವಾಗಿ ಓದಿದರು. ನಗು ನಿಂತಿತು. ಆದರೆ ಅವರು ಏಳಲಿಲ್ಲ.

ವಿಶಾಲಾಕ್ಷಿ ಬಲಗೈಯ ಮೇಲೆ ಎಡಗೈಯನ್ನೂ ಇಟ್ಟು ಅದುಮಿ ಹಿಡಿದಳು.