ದಪ್ಪ ಪಿನ್ನು

ಆಂಪ್ಲಿಫೈಯರಿಗೆ ಹದಿನೆಂಟು ಸಾವಿರ, ಐದು ಸ್ಪೀಕರಿಗೆ ಹನ್ನೆರಡು, ದೊಡ್ಡ ಟೀವಿಗೆ ಮೂವತ್ತು. ಇದನ್ನೆಲ್ಲ ಜೋಡಿಸುವ ವಯರು, ವಯರ್‌ಮನ್‌ನ ಕೂಲಿ ಎಲ್ಲ ಸೇರಿ ಮುನ್ನೂರು ರೂಪಾಯಿ. ನವಿ ಮುಂಬಯಿಯ ಸಾನಪಾಡಾದ ಆ ಕಟ್ಟಡದಲ್ಲಿ ಲೋಲಾಕ್ಷಿ ಈ ಲೆಕ್ಕವನ್ನು ಎಲ್ಲರಿಗೂ ಒಂದು ಸಲ ಹೇಳಿದ್ದಳು. ಎದುರು ಬಾಗಿಲಿನ ರತ್ನಾವತಿಗೆ ಮಾತ್ರ ಎರಡು ಸಲ, ಏಕೆಂದರೆ ಅವಳು ಗಂಡನ ಅಣ್ಣನ ಹೆಂಡತಿ.

ಭಾನುವಾರ ನೆಂಟರನ್ನೆಲ್ಲ ಕರೆದು, ಗೋಳಿಬಜೆ ಕೊಟ್ಟು, ಲೋಲಾಕ್ಷಿಯ ಗಂಡ ಶಂಭು ಹೋಮ್ ಥಿಯೇಟರ್ ಹಾಕಿದ. ಹಾಡಿನ ಹಿಂದೆ ಗುಂಯ್ ಎಂಬ ಸದ್ದು. ಸ್ವರ ಏರಿಸಿದರೆ ಅದೂ ಏರಿತು. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿದೆಯೇ ಎಂದು ಯಾರೋ ಕೇಳಿದರು. ವಾರದಿಂದ ಊಟ ಸೇರದೆ ಇದ್ದ ರತ್ನಾವತಿ ಇನ್ನೆರಡು ಗೋಳಿಬಜೆ ಹಾಕಿಸಿಕೊಂಡಳು. ಅವಳ ಗಂಡ ಪ್ರೇಮನಾಥ ಬೇಲಾಪುರದ ಒಂದು ಕಚೇರಿಯಲ್ಲಿ ಕರೆಂಟಿನ ಕೆಲಸ ನೋಡಿಕೊಳ್ಳುವವನು. ಇದು ಟೀವಿಗೆ ಬರುವ ಕೇಬಲ್ ವಯರಿನ ಕಿತಾಪತಿ, ನೋಡುತ್ತೇನೆ ಎಂದು ಏಳಲು ಹೋದವನ ಅಂಗಿಯ ತುದಿಯನ್ನು ಅವಳು ಹಿಡಿದು ಕೂರಿಸಿದಳು. ದುಡ್ಡು ಕೊಟ್ಟವರು ಅಂಗಡಿಯವನನ್ನು ಕರೆಯಲಿ, ನಿಮಗೇಕೆ ಊರ ಉಸಾಬರಿ ಎಂದು ಮನೆಗೆ ಬಂದ ಮೇಲೆ ಹೇಳಿದಳು.

ಅಂಗಡಿಯ ವಯರ್‌ಮನ್ ಬುಧವಾರ ಬಂದ. ಅವನು ಬಂದು ಹೋದ ಹೊತ್ತಿಗೆ ಗುಂಯ್ ನಿಂತಿತ್ತು. ಲೋಲಾಕ್ಷಿ ಬಾಗಿಲು ತಟ್ಟಿ ರತ್ನಾವತಿಯಕ್ಕನನ್ನು ಕರೆದುಕೊಂಡೇ ಹೋದಳು. ಹಾಡುವವಳು ಉಸಿರೆಳೆದುಕೊಳ್ಳುವುದೂ ಈಗ ಕೇಳುತ್ತಿತ್ತು. "ಚಂದ ಉಂಟು" ಎಂದಳು ರತ್ನಾವತಿ. ಆ ಎರಡು ಮಾತು ಮೀನಿನ ಮುಳ್ಳಿನ ಹಾಗೆ ಗಂಟಲು ಗೀರಿಕೊಂಡೇ ಹೊರಗೆ ಬಂದವು.

ಲೋಲಾಕ್ಷಿಯ ನಾಲ್ಕು ವರ್ಷದ ಮಗಳು ಪ್ರಣೀತಾ ಆಂಪ್ಲಿಫೈಯರಿನ ಅಂಚನ್ನು ಮುಟ್ಟುವುದು, ಕೈ ಹಿಂದೆಗೆದು ನಗುವುದು, ಹೀಗೆ ಆಡುತ್ತಿದ್ದಳು. "ಬಡೀ ಮಮ್ಮಿ, ಯೇ ಕಾಟ್ತಾ ಹೈ" ಎಂದಳು ದೊಡ್ಡಮ್ಮನಿಗೆ. ಕಚ್ಚುತ್ತದೆ ಎನ್ನುತ್ತಿದ್ದಾಳಲ್ಲ ಎಂದು ರತ್ನಾವತಿ ಬೆರಳಿನ ಹಿಂಬದಿಯನ್ನು ತಾಗಿಸಿ ನೋಡಿದಳು. ಚುಳ್ ಎಂದಿತು.

ಅವಳು ಬಗ್ಗಿ ಹಿಂದೆ ನೋಡಿದಳು. ಸ್ಪೀಕರಿನ ವಯರು, ಕರೆಂಟಿನ ವಯರು ಎಲ್ಲ ಒಟ್ಟಿಗೆ ಸುತ್ತಿ ಜಮಖಾನದ ಅಡಿಗೆ ತುರುಕಿದ್ದರು. ಸಡಿಲಾಗಿ ಅರ್ಧ ಹೊರಗೆ ಬಂದಿದ್ದ ಪ್ಲಗ್ಗಿನ ಮೂರು ಪಿನ್ನಿನಲ್ಲಿ ದಪ್ಪದ್ದನ್ನು ಇಕ್ಕಳದಿಂದ ಕತ್ತರಿಸಿ ತೆಗೆದಿದ್ದರು. ಪೆಟ್ಟಿಗೆಯ ಮೈಗೆ ಬಂದ ಕರೆಂಟನ್ನು ನೆಲಕ್ಕೆ ಒಯ್ಯುವುದು ಆ ದಪ್ಪ ಪಿನ್ನೇ ಎಂದು ಗಂಡ ಇಸ್ತ್ರಿಪೆಟ್ಟಿಗೆ ಹಿಡಿದಾಗಲೆಲ್ಲ ಹೇಳುವುದಿತ್ತು. ಗುಂಯ್ ನಿಂತದ್ದು ಹೀಗೆ.

ಪಿನ್ನು ಮತ್ತೆ ಬಂದರೆ ಗುಂಯ್ ಕೂಡ ಮತ್ತೆ ಬರುತ್ತದೆ. ಹಾಗೆನ್ನಿಸಿದ್ದೇ ತಡ ಅವಳಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದಕ್ಕೆ ಮುಖ ಬಿಸಿಯಾಯಿತು. ಅಷ್ಟರಲ್ಲಿ ಮಗು ಬಚ್ಚಲಿಗೆ ಹೋಗಿ ಬಂದು ಒದ್ದೆ ಕೈಯನ್ನು ಆಂಪ್ಲಿಫೈಯರಿನತ್ತ ಚಾಚಿತು. ರತ್ನಾವತಿ ಅದನ್ನು ಎಳೆದು ಸೊಂಟದ ಮೇಲೆ ಕೂರಿಸಿಕೊಂಡಳು.

"ಇದನ್ನು ಬಂದ್ ಮಾಡು. ಆ ಪ್ಲಗ್ಗು ಬದಲಾಯಿಸ್ಬೇಕು."

"ಈಗಷ್ಟೇ ಸರಿಯಾದದ್ದು ಅಕ್ಕ. ನಿಮಗೆ ಪುನಃ ಗುಂಯ್ ಕೇಳ್ಬೇಕಾ?" ಲೋಲಾಕ್ಷಿ ನಗುತ್ತಲೇ ಕೇಳಿದಳು.

"ಹೌದು, ಕೇಳ್ಬೇಕು. ಹೊಟ್ಟೆಕಿಚ್ಚು ಅಂತಲೇ ಇಟ್ಕೊ. ಮೊದಲು ಬಂದ್ ಮಾಡು ಮಾರಾಯ್ತಿ, ಕರೆಂಟು ಹೊಡೀತಾ ಉಂಟು, ಮಗು ಕೈ ಹಾಕ್ತದೆ."

ಲೋಲಾಕ್ಷಿಯ ನಗು ನಿಂತಿತು. ಅವಳು ಸ್ವಿಚ್ಚು ಬಂದ್ ಮಾಡಿದಳು.

ಸಂಜೆ ಪ್ರೇಮನಾಥ ಬಂದ ಕೂಡಲೇ ರತ್ನಾವತಿಯೇ ಅವನನ್ನು ಎದುರು ಮನೆಗೆ ಕಳಿಸಿದಳು. ಅವನು ಮೇನ್ ಸ್ವಿಚ್ಚು ಇಳಿಸಿ ಹೊಸ ಪ್ಲಗ್ಗು ಹಾಕಿದ. ಕರೆಂಟಿನ ವಯರನ್ನು ಒಂದು ಗೋಡೆಗೆ, ಸ್ಪೀಕರಿನ ವಯರನ್ನು ಇನ್ನೊಂದು ಗೋಡೆಗೆ ಒಯ್ದ. ಟೀವಿಯ ಕೇಬಲ್ ವಯರಿನ ನಡುವೆ ಗುಂಯ್ ತಡೆಯುವ, ಹೆಬ್ಬೆರಳಿನಷ್ಟು ದೊಡ್ಡ ಒಂದು ಡಬ್ಬಿ ಸೇರಿಸಿದ. ಹಾಕಿದಾಗ ಕಚ್ಚಲೂ ಇಲ್ಲ, ಗುಂಯ್ ಎನ್ನಲೂ ಇಲ್ಲ. ರತ್ನಾವತಿ ತನ್ನ ಬಾಗಿಲಲ್ಲೇ ನಿಂತು ಬಹಳ ಹೊತ್ತು ಕಿವಿಗೊಟ್ಟಳು. ಒಂದಿಷ್ಟೂ ಇರಲಿಲ್ಲ.

ಭಾನುವಾರ ಲೋಲಾಕ್ಷಿ ಭಾವನನ್ನು ಚಹಾಕ್ಕೆ ಕರೆದಳು. ಐದೂ ಸ್ಪೀಕರಿನ ಸ್ವರ ಸಮನಾಗಿ ಬಂದು ಕೂಡುವ ಜಾಗದಲ್ಲಿ ಅವನಿಗೆಂದೇ ಒಂದು ಕುರ್ಚಿ ಹಾಕಿಸಿದ್ದಳು. ಅದರ ಮುಂದಿನ ಭಾನುವಾರ ಅವನು ಕರೆಯದೆಯೇ ಹೋದ. ಲೋಲಾಕ್ಷಿಗೆ ಒಳ್ಳೆಯ ಸ್ವರ ಸಿಕ್ಕಿತು, ಮಗುವಿನ ಭಯ ತಪ್ಪಿತು. ರತ್ನಾವತಿಗೆ ಭಾನುವಾರ ಗಂಡ ಮನೆಯಲ್ಲಿ ಸಿಗುವುದು ತಪ್ಪಿತು.